ಎರಡು ಸಾವಿರ ಅಡಿಯೊಳಗಿನ ದಾರಿ

ಅವತ್ತು ಚಿನ್ನದ ಗಣಿಯ ಆಳುಗಳಿಗೆಂದು ಕಟ್ಟಿದ ಊರಿಗಾಂ ಲೈನಿನ ಆ ಮನೆಯ ಮುಂದಿನ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಕಿಟಕಿಗೆ ಬೆನ್ನು ಕೊಟ್ಟು ಚಿಕ್ಕಪ್ಪ, ಅವನೆದುರು ನೆಲದ ಮೇಲೆ ಮಂಡಿಯೂರಿ ಅವನ ಮೊಮ್ಮಗಳು, ಬಾಗಿಲ ಬಳಿ ಗೋಣಿತಾಟಿನ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಚಿಕ್ಕಮ್ಮ, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ನಡುವೆ ನೆಲದ ಉದ್ದಗಲಕ್ಕೂ ಒಂದು ನಕ್ಷೆ ಹಾಸಿತ್ತು. ಅದು ಸುರುಳಿ ಸುತ್ತಿಕೊಳ್ಳದಿರಲಿ ಎಂದು ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟಿದ್ದರು. ಹಿತ್ತಾಳೆ ಚೊಂಬು, ಚಿಕ್ಕಮ್ಮನ ಎಲೆಅಡಿಕೆ ಡಬ್ಬಿ, ಚಿಕ್ಕಪ್ಪ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು, ನನ್ನ ಕನ್ನಡಕದ ಪೆಟ್ಟಿಗೆ. ಉಸಿರು ಕಟ್ಟಿದಾಗಲೆಲ್ಲ ಚಿಕ್ಕಪ್ಪ ಪಂಪನ್ನು ಎತ್ತಿಕೊಳ್ಳುವನು, ಆ ಮೂಲೆಯ ಕಾಗದ ಎದ್ದು ಸಮುದ್ರವನ್ನು ಮುಚ್ಚಿಬಿಡುವುದು.

ಚಿಕ್ಕಪ್ಪ ಎಂದರೆ ನನ್ನ ಅಪ್ಪನ ತಮ್ಮ. ಗಣಿ ಮುಚ್ಚುವವರೆಗೆ ಹತ್ತಿರ ಹತ್ತಿರ ಮೂವತ್ತು ವರ್ಷ ಕೇಜಿನ ಗಂಟೆ ಹೊಡೆಯುವ ಕೆಲಸ ಮಾಡಿದವನು. ಕೇಜ್ ಅಂದರೆ ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ, ಎತ್ತುವ ಕಬ್ಬಿಣದ ಪಂಜರ. ಅದನ್ನು ಓಡಿಸುವ ಡ್ರೈವರ್ ಮೇಲೆ ಇಂಜಿನ್ ಮನೆಯಲ್ಲಿ ಕೂತಿರುತ್ತಾನೆ. ಅವನಿಗೆ ಕೇಜು ಕಾಣುವುದಿಲ್ಲ, ಕೇಜಿನಲ್ಲಿ ನಿಂತವರಿಗೆ ಅವನು ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಗಂಟೆಯೊಂದೇ. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಹುಷಾರು ಎಂದು ಅರ್ಥ. ಮೇಲಿನಿಂದ ಆ ಮೂರೂ ವಾಪಸ್ ಬಂದರೆ ಕೇಜು ಅಲುಗಬಹುದು, ಬರದಿದ್ದರೆ ಅಲುಗುವಂತಿಲ್ಲ. ಮೂವತ್ತು ವರ್ಷ ಹೀಗೆ ಹೊಡೆದು ಹೊಡೆದು ಚಿಕ್ಕಪ್ಪನ ಬಲಗೈ ಹಲಗೆಯಂತಾಯಿತು, ಎದೆಯೊಳಗೆ ಕಲ್ಲುಪುಡಿ ಕೂತಿತು. ಈಗ ಬಚ್ಚಲುಮನೆಗೆ ಹೋಗಿ ಬಂದರೂ ಗೋಡೆ ಹಿಡಿದು ಎರಡು ನಿಮಿಷ ನಿಲ್ಲಬೇಕು.

ಮೊಮ್ಮಗಳು ಅವನ ಮಗಳ ಮಗಳು. ನನಗೆ ತಂಗಿಯ ಮಗಳಾಗಬೇಕು, ಹಾಗಾಗಿ ನಾನು ಅವಳಿಗೆ ಮಾಮ. ಸರ್ಕಾರದ ನೆರವಿನ ಸೀಟು ಸಿಕ್ಕಿ ಪೂರ್ವದ ಕರಾವಳಿಯ ಒಂದು ವಿಮಾನದ ಶಾಲೆಗೆ ಸೇರಿದ್ದಳು. ಅಲ್ಲಿ ಎರಡೂವರೆ ವರ್ಷ ಒದ್ದಾಡಿ ಮೊದಲ ಲೈಸೆನ್ಸ್ ತೆಗೆದುಕೊಂಡಿದ್ದಳು. ಆ ಲೈಸೆನ್ಸಿನಲ್ಲಿ ಚಿಕ್ಕ ವಿಮಾನ ಹಾರಿಸಬಹುದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು. ಆ ಒಬ್ಬರು ಯಾರು ಎಂಬುದು ಅವಳು ಶಾಲೆಗೆ ಸೇರುವ ಮೊದಲೇ ತೀರ್ಮಾನವಾಗಿತ್ತು.

ಗಣಿಯಲ್ಲಿ ಒಂದು ಪದ್ಧತಿ ಇತ್ತು. ಇಂಜಿನ್ ಮನೆಗೆ ಹೊಸ ಡ್ರೈವರ್ ಬಂದ ದಿನ, ಅವನು ಇಳಿಸುವ ಮೊದಲ ಕೇಜಿನಲ್ಲಿ ಗಂಟೆಯವನು ಒಬ್ಬನೇ ನಿಂತು ತಳದವರೆಗೆ ಹೋಗಿ ಬರಬೇಕು. ಯಾರೂ ಬರೆದಿಟ್ಟ ಕಾನೂನಲ್ಲ ಅದು. ಆದರೂ ಗಂಟೆಯವನು ಹೋಗಿ ಬಂದು ಮೇಲೆ ನಿಂತು ಒಂದು ಬೀಡಿ ಹಚ್ಚಿದ ಮೇಲೆಯೇ ಮಿಕ್ಕವರು ಹತ್ತುತ್ತಿದ್ದರು. ಚಿಕ್ಕಪ್ಪ ಹಾಗೆ ಏಳು ಜನ ಡ್ರೈವರುಗಳಿಗೆ ಮೊದಲು ನಿಂತವನು.

"ಏಳಾಯ್ತು. ಎಂಟ್ನೇದು ಇವಳು," ಎಂದು ಲೈನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ. "ಫಸ್ಟು ನಾನ್ ಕೂತ್ಕೊಂಡು ಓಗ್‌ಬರ್ತೀನಿ. ಆಮ್ಯಾಕೆ ಯಾರಾನ ಕೂತ್ಕೊಳ್ಳಿ, ಮಂತ್ರಿನೇ ಬರ್ಲಿ."

ಅವನಿಗೆ ಉಳಿದಿದ್ದ ಆಸೆ ಅದೊಂದೇ. ಉಸಿರು ಉಳಿದಿರುವಾಗಲೇ ಅದು ಆಗಬೇಕಿತ್ತು. ಅದಕ್ಕೇ ನಕ್ಷೆ.

ಶಾಲೆಯವರು ನೆಂಟರಿಷ್ಟರನ್ನು ಸುಮ್ಮನೆ ಸುತ್ತಾಡಿಸಲು ವಿಮಾನ ಕೊಡುವುದಿಲ್ಲ. ಆದರೆ ಅಲ್ಲಿಯ ವಿಮಾನಗಳು ಆಗಾಗ ರಿಪೇರಿ ಶೆಡ್ಡಿಗೆ ಹೋಗಬೇಕು. ಶೆಡ್ಡು ಇರುವುದು ಅದೇ ಕರಾವಳಿಯಲ್ಲಿ ಉತ್ತರಕ್ಕಿರುವ ಇನ್ನೊಂದು ಫೀಲ್ಡಿನಲ್ಲಿ, ಚಿಕ್ಕ ವಿಮಾನ ಇಳಿಯುವ ಮೈದಾನದಲ್ಲಿ. ಲೈಸೆನ್ಸ್ ಪಡೆದವರು ಸರದಿಯ ಮೇಲೆ ಒಯ್ಯುತ್ತಾರೆ. ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿ ಇರುತ್ತದೆ. ನಿನ್ನ ಸರದಿಯಲ್ಲಿ ತಾತನನ್ನು ಕೂರಿಸಿಕೊಂಡು ಹೋಗು ಎಂದು ಅವಳ ಇನ್‌ಸ್ಟ್ರಕ್ಟರ್ ಒಪ್ಪಿದ್ದರು. ಕಷ್ಟವಿದ್ದದ್ದು ಎರಡು ಫೀಲ್ಡುಗಳ ನಡುವೆ. ಅಲ್ಲಿ ಒಂದು ದೊಡ್ಡ ಊರಿತ್ತು, ಆ ಊರಿಗೊಂದು ದೊಡ್ಡ ವಿಮಾನ ನಿಲ್ದಾಣವಿತ್ತು.

"ತಾತ, ಈ ಊರ್ ಸುತ್ತ ಆಕಾಶಕ್ಕೆ ಬೇಲಿ ಆಕವ್ರೆ ಅನ್ಕೋ," ಎಂದಳು ಅವಳು.

"ಆಕಾಶಕ್ಕೂ ಬೇಲಿನಾ?" ಎಂದಳು ಚಿಕ್ಕಮ್ಮ, ಹುಣಸೆಬೀಜ ತಟ್ಟೆಗೆ ಎಸೆಯುತ್ತ. "ಯಾರ್ ಎಮ್ಮೆ ನುಗ್ತಿತ್ತಂತೆ?"

"ದೊಡ್ ವಿಮಾನ ಇಳೀತವೆ ಅಜ್ಜಿ, ಎರಡೆರಡು ನಿಮ್ಷಕ್ಕೊಂದು. ಅವುಗಳ ದಾರೀಗೆ ನಾವು ಅಡ್ಡ ಬರ್ಬಾರ್ದು ಅಂತ."

ಅವಳು ಎದ್ದು ಅಡುಗೆಮನೆಯಿಂದ ಒಂದು ಲೋಟ, ಒಂದು ಊಟದ ತಟ್ಟೆ, ಒಂದು ಮೊರ ತಂದಳು. ಲೋಟವನ್ನು ನಕ್ಷೆಯಲ್ಲಿ ಊರಿದ್ದ ಜಾಗದಲ್ಲಿಟ್ಟು, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಮೊರ ಇಟ್ಟಳು. ಊರಿನ ಹತ್ತಿರ ಬೇಲಿ ನೆಲದಿಂದಲೇ ಶುರು, ಅದು ಲೋಟ. ಸ್ವಲ್ಪ ದೂರ ಹೋದರೆ ತಟ್ಟೆಯ ಅಂಚಿನ ಕೆಳಗೆ ಜಾಗವಿದೆ, ಇನ್ನೂ ದೂರ ಹೋದರೆ ಮೊರದ ಕೆಳಗೆ. ಈ ಪಾತ್ರೆಗಳೊಳಗೆ ಹೋಗಬೇಕಾದರೆ ಊರಿನ ಕಂಟ್ರೋಲಿನವರು ರೇಡಿಯೋದಲ್ಲಿ ಹೂಂ ಅನ್ನಬೇಕು. ಪಾತ್ರೆಗಳ ಹೊರಗೇ ಸುತ್ತಿ ಹೋದರೆ ಅವರ ಹೂಂ ಬೇಡ.

ಚಿಕ್ಕಪ್ಪ ಬಗ್ಗಿ, ತಲೆ ವಾರೆ ಮಾಡಿ, ಮೊರದ ಕೆಳಗೆ ಕಣ್ಣಿಟ್ಟು ನೋಡಿದ. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದ ನನಗಿಂತ ಬೇಗ ಅವನಿಗೆ ಹೊಳೆಯಿತು.

"ನಮ್ ಗಣೀನೇ ತಲೆಕೆಳಗ್ ಮಾಡಿ ನಿಲ್ಸವ್ರೆ ಅಷ್ಟೆಯಾ. ಅಲ್ಲಿ ಕೆಳಕ್ ಓದಂಗೆ ಲೆವಲ್ಲು, ಇಲ್ಲಿ ಮೇಲಕ್ ಓದಂಗೆ. ಗಂಟೆ ವಾಪಸ್ ಬರ್ದೆ ಒಳಕ್ ಓಗಂಗಿಲ್ಲ. ಸರೀನಾ ಅಮ್ಮಣ್ಣಿ?"

"ಸರಿ ತಾತ."

ದಾರಿಗಳು ಎರಡಿದ್ದವು. ಒಂದು ಹಿಂದಿನ ದಾರಿ. ಸಮುದ್ರ ಬಿಟ್ಟು ಒಳನಾಡಿಗೆ ಸರಿದು, ಊರಿನ ಬೆನ್ನ ಹಿಂದೆ, ಎಲ್ಲ ಪಾತ್ರೆಗಳ ಆಚೆ ಹೋಗುವುದು. ಶಾಲೆಯ ಎಲ್ಲರೂ ಹಾಗೇ ಹೋಗುತ್ತಿದ್ದರು. ಆದರೆ ಅಲ್ಲಿ ಗುಡ್ಡಗಳಿವೆ, ನಾಲ್ಕೂವರೆ ಸಾವಿರ ಅಡಿ ಎತ್ತರದಲ್ಲಿ ಹೋಗಬೇಕು. ಇನ್ನೊಂದು ಬೀಚಿನ ದಾರಿ. ಅಲೆಗಳ ಅಂಚು ಹಿಡಿದು ತಗ್ಗಿನಲ್ಲಿ, ತಟ್ಟೆಯ ಕೆಳಗೆ ನುಸುಳಿ, ಲೋಟದ ಒಂದು ಅಂಚನ್ನು ಮಾತ್ರ ಕಂಟ್ರೋಲಿನವರ ಹೂಂ ಪಡೆದು ದಾಟುವುದು. ಸಮುದ್ರದ ಕಡೆಗೆ ದೂರ ಸರಿದು ಆ ಅಂಚನ್ನೂ ತಪ್ಪಿಸೋಣವೆಂದರೆ ವಿಮಾನಕ್ಕಿರುವುದು ಒಂದೇ ಇಂಜಿನ್. ಅದು ನಿಂತರೆ ತೇಲಿಕೊಂಡು ಬಂದು ಮರಳ ಮೇಲೆ ಇಳಿಯುವಷ್ಟು ಹತ್ತಿರದಲ್ಲೇ ಇರಬೇಕು.

ಹಿಂದಿನ ದಾರಿ ನಮಗೆ ಇರಲಿಲ್ಲ. ಅದಕ್ಕೆ ಕಾರಣ ಒಂದು ಚೀಟಿ.

ಅದರ ಹಿಂದಿನ ವಾರ ಚಿಕ್ಕಪ್ಪನನ್ನು ಕೋಲಾರದ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ವಿಮಾನದಲ್ಲಿ ಕೂರಿಸಬಹುದೇ ಎಂದು ಕೇಳಿದೆ. ಡಾಕ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು, ಎಕ್ಸ್‌ರೇ ಬೆಳಕಿಗೆ ಹಿಡಿದರು, ಆಮೇಲೆ ಮೇಜಿನ ಮೇಲೆ ಬೆರಳು ಊರಿ, ಅಲ್ಲಿಂದ ಮೇಲಕ್ಕೆತ್ತಿ ಹೇಳಿದರು: "ಇಲ್ಲಿಂದ ಒಂದು ಎರಡು ಸಾವಿರ ಅಡಿ ಮೇಲೆ ಹೋದರೆ ತಡ್ಕೋತಾರೆ. ಅದಕ್ಕಿಂತ ಬೇಡ. ಮೇಲೆ ಹೋದಷ್ಟೂ ಗಾಳಿ ತೆಳು." ನಾನು ಮಾತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ: ಎರಡು ಸಾವಿರ ಅಡಿ, ಅದಕ್ಕಿಂತ ಮೇಲೆ ಬೇಡ. ಬಸ್ ಸ್ಟ್ಯಾಂಡಿನಲ್ಲೇ ಅದರ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಅವಳು ಕೂಡಲೇ ಸರಿ ಎಂದು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದಳು.

ಹೀಗಾಗಿ ನಾಲ್ಕೂವರೆ ಸಾವಿರದ ದಾರಿ ಚಿಕ್ಕಪ್ಪನ ಎದೆಗೆ ಆಗದು ಎಂದಾಯಿತು. ಉಳಿದದ್ದು ಬೀಚು. ಅವಳು ಸ್ಕೇಲಿಟ್ಟು ಸಾವಿರದ ಐನೂರು ಅಡಿಗೆ ಒಂದು ಗೆರೆ ಎಳೆದಳು.

"ಡಾಕ್ಟರ್ ಮೇಲಿಂದ ಒತ್ತುತಾನೆ, ಕಂಟ್ರೋಲ್ನೋನು ಪಕ್ಕದಿಂದ ಒತ್ತುತಾನೆ," ಎಂದ ಚಿಕ್ಕಪ್ಪ. "ನಡುವೆ ನಾವು ಬಗ್ಗಿಕೊಂಡು ಓಗ್ಬೇಕು. ಓಗಾನ ಬುಡು. ಬಗ್ಗೋದು ನಂಗೇನ್ ಒಸದಾ?"

"ಇರೋ ನೆಲದ್ ಮ್ಯಾಲೆ ನೆಟ್ಟಗೆ ನಿಲ್ಲಾಕಾಗಲ್ಲ," ಎಂದಳು ಚಿಕ್ಕಮ್ಮ ನನ್ನ ಕಡೆ ತಿರುಗಿ. "ಇವನ್ನ ಆಕಾಶದಾಗೆ ಬಗ್ಗುಸ್ತಾರಂತೆ. ನೀನಾದ್ರೂ ಒಂದ್ ಮಾತ್ ಏಳ್ಬಾರ್ದೇನಪ್ಪ?"

ನನಗೆ ಹೇಳುವ ಮನಸ್ಸಿರಲಿಲ್ಲ.

ಏಪ್ರಿಲ್‌ನಲ್ಲಿ ಅವಳ ಸರದಿ ಬಂತು. ಬಂಗಾರಪೇಟೆಯಿಂದ ಹಗಲಿನ ರೈಲು ಹಿಡಿದು ನಾನು, ಚಿಕ್ಕಪ್ಪ ಹೋದೆವು. ಚಿಕ್ಕಮ್ಮ ಮೊಸರನ್ನ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟು, ತಾನು ಬರಲೊಲ್ಲೆ ಎಂದಳು. ಮರುದಿನ ಬೆಳಗ್ಗೆ ಏಳಕ್ಕೆ ಫೀಲ್ಡಿನಲ್ಲಿದ್ದೆವು. ವಿಮಾನ ಒಂದು ಆಟೋಗಿಂತ ತುಸು ಉದ್ದ, ರೆಕ್ಕೆ ಇದ್ದದ್ದಕ್ಕೆ ವಿಮಾನ ಅನ್ನಬೇಕು ಅಷ್ಟೆ. ಚಿಕ್ಕಪ್ಪ ಅದರ ಸುತ್ತ ಒಂದು ಸುತ್ತು ಬಂದ. ಆಮೇಲೆ ಗಣಿಯೊಳಗೆ ತಲೆಯ ಮೇಲಿನ ಬಂಡೆಯನ್ನು ಬಡಿದು ಸದ್ದು ಕೇಳಿ ಗಟ್ಟಿಯೋ ಸಡಿಲವೋ ತಿಳಿಯುತ್ತಾರಲ್ಲ, ಹಾಗೆ ಬೆರಳ ಗಿಣ್ಣಿನಿಂದ ರೆಕ್ಕೆಯನ್ನು ಬಡಿದ. ಕಿವಿಗೊಟ್ಟ.

"ಟೊಳ್ಳೈತೆ ಕಣಮ್ಮಣ್ಣಿ."

"ಅದ್ರೊಳಗೇ ತಾತ ಪೆಟ್ರೋಲ್ ತುಂಬೋದು. ಬಡೀಬೇಡ, ಬಾ."

ಅವನನ್ನು ಹತ್ತಿಸುವುದೇ ಹದಿನೈದು ನಿಮಿಷದ ಕೆಲಸವಾಯಿತು. ನಾನು ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಇಂಜಿನ್ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ದೊಡ್ಡ ಊರಿನ ಕಂಟ್ರೋಲಿನವರು ಕಾಯಿರಿ ಎಂದಿದ್ದರು. ಅವರದ್ದೂ ತಪ್ಪಲ್ಲ, ಬೆಳಗಿನ ಹೊತ್ತು ಅಲ್ಲಿ ಇಳಿಯುವ ಏರುವ ವಿಮಾನಗಳ ಸಾಲು ಸಾಲು. ಇನ್ನೂರು ಮುನ್ನೂರು ಜನರನ್ನು ಹೊತ್ತು ಬರುವವನನ್ನು ನಿಲ್ಲಿಸಿ ಒಬ್ಬ ಮುದುಕನಿಗೆ ಬೀಚು ತೋರಿಸಲು ಬಿಡುತ್ತಾರೆಯೇ? ಅವರಿಬ್ಬರು ಕೂತಿದ್ದ ಗಾಜಿನ ಗೂಡಿನೊಳಗೆ ಬಿಸಿಲು ಏರುತ್ತಿತ್ತು. ಅವಳು ಅರ್ಧ ಗಂಟೆಗೊಮ್ಮೆ ಕೇಳಿದಳು, ಅವರು ಅರ್ಧ ಗಂಟೆಗೊಮ್ಮೆ ಕಾಯಿರಿ ಎಂದರು. ಒಂಬತ್ತೂವರೆಗೆ, ಇವತ್ತು ಆಗುವುದಿಲ್ಲ ಎಂದರು.

ಇಳಿಸುವಾಗ ಅವನ ಇಸ್ತ್ರಿ ಮಾಡಿದ ಶರ್ಟು ಹಿಂಡುವ ಹಾಗೆ ಒದ್ದೆಯಾಗಿತ್ತು. ಅವಳು ಅವನ ಮುಖ ನೋಡಲಾರದೆ ಬೆಲ್ಟಿನ ಕೊಂಡಿ ನೋಡುತ್ತಿದ್ದಳು.

"ತಪ್ಪಾಯ್ತು ತಾತ."

"ನಿಂದೇನಮ್ಮಣ್ಣಿ ತಪ್ಪು? ಗಂಟೆ ವಾಪಸ್ ಬರ್ಲಿಲ್ಲ. ಬರ್ದೆ ಓಗಿದ್ರೆ ಕೆನ್ನೆಗೆ ಒಡೀತಿದ್ದೆ."

ರಿಪೇರಿ ಶೆಡ್ಡಿಗೆ ವಿಮಾನ ಹೋಗಲೇಬೇಕಿತ್ತು. ಇನ್‌ಸ್ಟ್ರಕ್ಟರ್ ಅದನ್ನು ಅವಳ ಜೊತೆಯ ಇನ್ನೊಬ್ಬ ಹುಡುಗಿಗೆ ಕೊಟ್ಟರು. ನಾವು ಮೊಸರನ್ನದ ಡಬ್ಬಿ ಬಿಚ್ಚಿದಾಗ ಅದು ಓಡಿ, ಎದ್ದು, ಎಡಕ್ಕೆ ವಾಲಿ, ಹಿಂದಿನ ದಾರಿ ಹಿಡಿದು ಹೋಯಿತು. ಚಿಕ್ಕಪ್ಪ ತುತ್ತು ಕೈಯಲ್ಲಿಟ್ಟುಕೊಂಡು ಅದು ಚುಕ್ಕಿಯಾಗುವವರೆಗೆ ನೋಡಿದ.

"ಸಮುದ್ರ ಇಲ್ಲಿಂದ ಮೂರೇ ಮೈಲಿ ಚಿಕ್ಕಪ್ಪ. ಆಟೋದಾಗೆ ಓಗಿ ನೋಡ್ಕೊಂಡ್ ಬರಾಣ," ಎಂದೆ.

"ಸಮುದ್ರ ಎಲ್ ಓಯ್ತದ್ಲಾ? ಅದ್ನ ನೋಡಾಕ್ ಬಂದಿದ್ನಾ ನಾನು? ಅವಳ ಪಕ್ಕದಾಗೆ ಕೂರಾಕ್ ಬಂದೋನು."

ಹಾಗೇ ವಾಪಸ್ ಬಂದೆವು. ಮನೆಗೆ ಬಂದ ಮೇಲೆ ಅವನು ಆರು ದಿನ ಮಲಗಿದ. ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಳು.

ಜೂನಿಗೆ ಇನ್ನೊಂದು ಸರದಿ. ಈ ಸಲ ಅವಳು ಮೊದಲೇ ಕಂಟ್ರೋಲಿನವರಿಗೆ ಬರೆದು, ಮತ್ತೆ ಮತ್ತೆ ಫೋನು ಮಾಡಿ, ವಿಮಾನಗಳ ದಟ್ಟಣೆ ಕಡಿಮೆ ಇರುವ ಹೊತ್ತು ಕೇಳಿ ಪಡೆದಿದ್ದಳು. ಬೆಳಗ್ಗೆ ಆರೂವರೆಯಿಂದ ಏಳರವರೆಗೆ, ಬೀಚಿನ ಮೇಲೆ, ಸಾವಿರದ ಐನೂರು ಅಡಿ. ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಗಾಗಿ ಚಿಕ್ಕಪ್ಪ ಮತ್ತೆ ರೈಲು ಹತ್ತಿದ. ಈ ಸಲ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಲಾಗದೆ ವೀಲ್‌ಚೇರಿನಲ್ಲಿ ಬಳಸಿಕೊಂಡು ತಂದೆವು. ಆರು ಗಂಟೆಗೆ ಫೀಲ್ಡಿನಲ್ಲಿ ನಿಂತಾಗ ಸಮುದ್ರದ ಕಡೆಯಿಂದ ಮೋಡ ಬಂದು ತೆಂಗಿನ ಮರಗಳ ತಲೆಯ ಮೇಲೆ ಕೂತಿತ್ತು. ಮೇಲೆ ಹೋಗಿ ಮೋಡ ದಾಟೋಣವೆಂದರೆ ಡಾಕ್ಟರ ಚೀಟಿ, ತಟ್ಟೆಯ ಅಂಚು. ಕೆಳಗೆ ನುಸುಳೋಣವೆಂದರೆ ಮೋಡಕ್ಕೂ ನೆಲಕ್ಕೂ ನಡುವೆ ಹಾರುವಷ್ಟು ಜಾಗವಿಲ್ಲ. ಏಳೂ ಇಪ್ಪತ್ತಕ್ಕೆ ಮೋಡ ತೆರೆದು ಬಿಸಿಲು ಬಿತ್ತು, ಆಗ ನಮ್ಮ ಅರ್ಧ ಗಂಟೆ ಮುಗಿದಿತ್ತು.

ಇನ್‌ಸ್ಟ್ರಕ್ಟರ್ ಹತ್ತಿರ ಬಂದು, "ಎಲ್ಲರೂ ಹಿಂದಿನಿಂದ ಹೋಗ್ತಾರಲ್ಲಮ್ಮ, ನೀನು ಯಾಕೆ ಈ ಬೀಚಿಗೇ ಅಂಟಿಕೊಂಡಿದ್ದೀಯ?" ಎಂದರು. ಅವಳು ಫೋನಿನಲ್ಲಿ ನನ್ನ ಚೀಟಿಯ ಫೋಟೋ ತೋರಿಸಿದಳು. ಅವರು ಓದಿ, ಚಿಕ್ಕಪ್ಪನ ಕಡೆ ನೋಡಿ, ಫೋನನ್ನು ಅವಳ ಕೈಗೆ ವಾಪಸ್ ಕೊಟ್ಟರು. ನಾಲ್ಕು ಅಡಿ ದೂರದಲ್ಲಿ ನಾನಿದ್ದೆ. ನನ್ನ ಕೈಬರಹವನ್ನು ಮೂವರು ಓದಿದ್ದರು, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಯಾರಿಗೂ ಕಾಣಲಿಲ್ಲ.

ಆಮೇಲಿನದು ಕೆಡುತ್ತಾ ಹೋದ ಕಥೆ. ಆಗಸ್ಟಿನಲ್ಲಿ ಮನೆಗೆ ಆಕ್ಸಿಜನ್ ಯಂತ್ರ ಬಂತು. ಕರೆಂಟು ಹೋದಾಗ ಬೇಕೆಂದು ಮಂಚದ ಪಕ್ಕ ಒಂದು ಸಿಲಿಂಡರ್ ನಿಂತಿತು. ಅವಳ ಸರದಿ ಬಂತು. ಅವಳು ಬೇರೆಯವರಿಗೆ ಬಿಟ್ಟುಕೊಟ್ಟಳು. ಒಬ್ಬಳೇ ಹೋದರೆ ಸರದಿ ಮುಗಿಯುತ್ತದೆ, ಮುಂದಿನ ಸಲ ತಾತ ಸುಧಾರಿಸಿಕೊಂಡರೆ, ಎಂದು. ವಾರಕ್ಕೊಮ್ಮೆ ಹೊಸ ಗೆರೆ ಎಳೆದ ನಕ್ಷೆಯ ಫೋಟೋ ಬರುತ್ತಿತ್ತು. ಇಲ್ಲಿ ತಿರುಗಿದರೆ ಲೋಟ ಎರಡೇ ನಿಮಿಷ, ಹೀಗೆ ಹೋದರೆ ಒಂದೂವರೆ. ನಾನು ಅದನ್ನು ದೊಡ್ಡದು ಮಾಡಿ ಚಿಕ್ಕಪ್ಪನ ಮುಖದ ಹತ್ತಿರ ಹಿಡಿಯುತ್ತಿದ್ದೆ. ಮೊದಮೊದಲು ಬೆರಳಿಟ್ಟು ನೋಡುತ್ತಿದ್ದ. ಕೊನೆಕೊನೆಗೆ, "ಪೋದುಂ, ಬುಡ್ಲಾ," ಎನ್ನುತ್ತಿದ್ದ. ಸಾಕು ಅನ್ನುವುದಕ್ಕೆ ಗಣಿಯಲ್ಲಿ ಕಲಿತ ತಮಿಳೇ ಅವನ ಬಾಯಿಗೆ ಮೊದಲು ಬರುತ್ತಿದ್ದದ್ದು. "ಆಗಕ್ಕಿಲ್ಲ ಇದು."

ಸೆಪ್ಟೆಂಬರಿನಲ್ಲಿ ಅವಳು ಮೂರು ದಿನಕ್ಕೆ ಬಂದಳು. ತಾತನ ಕಾಲು ಒತ್ತಿದಳು, ನಕ್ಷೆಯ ಮಾತೆತ್ತಲಿಲ್ಲ. ನಾಲ್ಕನೆಯ ಬೆಳಗ್ಗೆ ಅವಳನ್ನು ರೈಲು ಹತ್ತಿಸಲು ನಾನು ಬಂಗಾರಪೇಟೆಗೆ ಬಂದೆ. ರೈಲು ಮುಕ್ಕಾಲು ಗಂಟೆ ತಡ. ಪ್ಲಾಟ್‌ಫಾರಂ ಕೊನೆಯಲ್ಲಿ, ಊರಿನ ಹೆಸರು ಬರೆದ ಆ ಹಳದಿ ಬೋರ್ಡಿನ ಎದುರಿನ ಕಲ್ಲುಬೆಂಚಿನಲ್ಲಿ ಕೂತೆವು. ಹುಟ್ಟಿದಾಗಿನಿಂದ ನೋಡಿದ ಬೋರ್ಡು, ಕೆಲಸಕ್ಕೆ ಹೋಗುವವರು ಚೀಲ ಒರಗಿಸುವ ಬೋರ್ಡು. ಅವಳು ಸುಮ್ಮನೆ ಅದನ್ನು ನೋಡುತ್ತಿದ್ದಳು. ಆಮೇಲೆ ಎದ್ದು ಹತ್ತಿರ ಹೋದಳು. ಅಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಅದರ ಮೇಲೆ ಬೆರಳಿಟ್ಟು ನಿಂತಳು. ಎಂಟುನೂರು ಚಿಲ್ಲರೆ.

ವಾಪಸ್ ಬಂದು ಕೂತಳು. ಫೋನು ತೆಗೆದು ಏನೋ ಗುಣಿಸಿದಳು.

"ಮಾಮ, ಅವತ್ತು ಡಾಕ್ಟ್ರು ಏನಂದ್ರು? ಚೀಟೀಲಿ ಬರ್ದಿದ್ದಲ್ಲ. ಅವರ ಬಾಯಲ್ಲಿ ಬಂದಿದ್ದು."

"ಎರಡ್ ಸಾವಿರ ಅಡಿ ಮೇಲೆ ಓದ್ರೆ ತಡ್ಕೋತಾರೆ, ಅದಕ್ಕಿಂತ ಬೇಡ ಅಂದ್ರು."

"ಎಲ್ಲಿಂದ?"

ನಾನು ಅವರು ಮಾಡಿದ ಹಾಗೇ ಬೆಂಚಿನ ಮೇಲೆ ಬೆರಳೂರಿ ಮೇಲಕ್ಕೆತ್ತಿದೆ. "ಇಲ್ಲಿಂದ," ಎಂದೆ. ಅಂದ ಕೂಡಲೇ ನನ್ನ ಬೆರಳು ಗಾಳಿಯಲ್ಲೇ ನಿಂತಿತು.

ನಮ್ಮ ಕಡೆಯವರಿಗೆ ಸೊನ್ನೆ ಅಂದರೆ ಗಣಿಯ ಬಾಯಿ. ಆಳವನ್ನೆಲ್ಲ ಅಲ್ಲಿಂದ ಕೆಳಕ್ಕೆ ಎಣಿಸುತ್ತಿದ್ದರು. ಎರಡು ಸಾವಿರದ ಲೆವಲ್ಲು, ಐದು ಸಾವಿರದ ಲೆವಲ್ಲು ಎಂದರೆ ಬಾಯಿಂದ ಅಷ್ಟು ಅಡಿ ಕೆಳಗೆ. ನಾವು ನಿಂತಿರುವ ನೆಲಕ್ಕೂ ಒಂದು ಎತ್ತರವಿದೆ, ಅದನ್ನು ಬೇರೆಲ್ಲಿಂದಲೋ ಅಳೆಯುತ್ತಾರೆ ಎಂದು ನಮ್ಮ ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಮಕ್ಕಳಿಗೆ ಹೇಳಿಕೊಟ್ಟವನಲ್ಲ. ಡಾಕ್ಟರು ಕೋಲಾರದ ನೆಲದಿಂದ ಎರಡು ಸಾವಿರ ಎಂದರು. ನಾನು 'ಇಲ್ಲಿಂದ' ಎನ್ನು­ವುದನ್ನು ಬರೆಯಲೇ ಇಲ್ಲ, ಇಲ್ಲಿಂದಲ್ಲದೆ ಇನ್ನೆಲ್ಲಿಂದ ಎಣಿಸುತ್ತಾರೆ ಎಂದು. ವಿಮಾನದವರು ಎಣಿಸುವುದು ಸಮುದ್ರದಿಂದ. ಅವಳು ಸಮುದ್ರದಿಂದ ಓದಿಕೊಂಡಳು.

"ತಾತ ಮಲಗಿರೋ ಮಂಚಾನೇ ಎರಡು ಸಾವಿರದ ಎಂಟುನೂರ್ ಅಡಿ ಮೇಲೈತೆ ಮಾಮ," ಎಂದಳು ಅವಳು. ದನಿ ಏರಲಿಲ್ಲ. "ಅದರ ಮೇಲೆ ಎರಡು ಅಂದ್ರೆ ನಾಲ್ಕು ಸಾವಿರದ ಎಂಟುನೂರು. ಹಿಂದಿನ ದಾರಿ ನಾಲ್ಕೂವರೆ."

ನಾನು ಎತ್ತಿದ್ದ ಬೆರಳು ಮಡಚಿಕೊಂಡೆ.

"ಬೆಂಗಳೂರಿನ ಫೀಲ್ಡ್ ಎಷ್ಟು ಎತ್ತರ ಅಂತ ಪರೀಕ್ಷೇಲಿ ಬರ್ದಿದೀನಿ. ನಮ್ಮನೆ ಎಷ್ಟು ಅಂತ ಯಾವತ್ತೂ ಅನ್ಕೊಂಡಿಲ್ಲ. ಏಪ್ರಿಲ್ಲಲ್ಲೇ ಓಗ್ಬೋದಿತ್ತು. ಯಾರನ್ನೂ ಕೇಳ್ದೆ."

"ನನ್ನ ಚೀಟಿ ಅಮ್ಮಣ್ಣಿ."

"ನಾನು ಎಲ್ಲಿಂದ ಅಂತ ಕೇಳ್ಬೇಕಿತ್ತು. ಅದೇ ಮಾಮ ನಮಗೆ ಮೊದ್ಲು ಕಲ್ಸೋದು."

ರೈಲು ಬಂತು. ಅವಳು ಹತ್ತಿದಳು. ಕಿಟಕಿಯಿಂದ ಕೈ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮಾರಿಕುಪ್ಪಂ ಕಡೆ ಹೋಗುವ ಗಾಡಿ ಹಿಡಿದೆ. ಊರಿಗಾಂಗೆ ಟಿಕೆಟ್ ಇದ್ದರೂ ಒಂದು ಸ್ಟೇಷನ್ ಮೊದಲೇ, ಕೋರಮಂಡಲ್‌ನಲ್ಲಿ ಇಳಿದುಬಿಟ್ಟೆ. ಆ ಮನೆಯ ಬಾಗಿಲಿಗೆ ಅಷ್ಟು ಬೇಗ ಹೋಗಿ ನಿಲ್ಲುವ ಧೈರ್ಯವಿರಲಿಲ್ಲ. ಗಣಿಯ ಮಣ್ಣುದಿಬ್ಬಗಳ ಪಕ್ಕದಲ್ಲೇ ನಡೆದುಕೊಂಡು, ಬಿಸಿಲಲ್ಲಿ, ಡಾಕ್ಟರಿಗೆ ಫೋನು ಹಚ್ಚಿದೆ. ಹೌದು, ಇಲ್ಲಿಂದಲೇ ನಾನು ಹೇಳಿದ್ದು ಎಂದರು. ಈಗ ಹೋಗಬಹುದೇ ಎಂದು ಕೇಳಿದೆ. ಈಗ ಬಸ್ಸೂ ಬೇಡ ಎಂದರು.

ಮರುದಿನ ಮಧ್ಯಾಹ್ನ ಚಿಕ್ಕಪ್ಪನಿಗೆ ಹೇಳಿದೆ. ಮುಚ್ಚಿಡೋಣ ಅನ್ನಿಸಿತ್ತು, ಆದರೆ ಅವನ ಮುಂದೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮೂಗಿನ ನಳಿಕೆ ಸರಿಮಾಡಿಕೊಂಡು ಎಲ್ಲ ಕೇಳಿದ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಹೋದಳು.

ಚಿಕ್ಕಪ್ಪ ಕೇಳಿದ, "ಅಂಗಾರೆ ಸಮುದ್ರ ನಮ್ ಬಾಯಿಂದ ಎಷ್ಟ್ ಕೆಳಗ್ಲಾ?"

"ಎರಡು ಸಾವಿರದ ಎಂಟುನೂರು ಅಂತಿದ್ಲು."

ಅವನು ಕಣ್ಣು ಮುಚ್ಚಿ ಲೆಕ್ಕ ಹಾಕಿದ. ತುಟಿ ಅಲುಗುತ್ತಿತ್ತು.

"ದಿನಾ ಅದ್ನ ದಾಟ್ಕೊಂಡು ಕೆಳಕ್ ಓಗ್ತಿದ್ದೆ, ದಾಟ್ಕೊಂಡು ಮೇಲಕ್ ಬತ್ತಿದ್ದೆ," ಎಂದ. "ಯಾವನೂ ಏಳ್ಲಿಲ್ಲ ನೋಡು. ಏಳಿದ್ರೆ ಒಂದ್ ಗಂಟೆ ಒಡೀತಿದ್ದೆ."

ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ನನ್ ತಪ್ಪು ಚಿಕ್ಕಪ್ಪ," ಎಂದೆ.

"ತಪ್ಪೇಯಾ," ಎಂದ. ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. "ಗಣಿ ಬಾಯಿಂದ ಎಣ್ಸೋದ್ ಕಲ್ಸಿದೋನು ನಾನು. ನಿಂಗೂ, ಅವಳವ್ವಂಗೂ." ಆಮೇಲೆ, "ಅವಳಿಗ್ ಏಳು, ಕಾಯೋದ್ ಬೇಡ. ಯಾರನಾರ ಕೂರುಸ್ಕೊಂಡು ಓಗ್ಲಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅದಾಗಿ ಹದಿನೇಳನೆಯ ದಿನ ಹೋದ. ಬೆಳಗ್ಗೆ ಹತ್ತರ ಹೊತ್ತು, ಚಿಕ್ಕಮ್ಮ ಗಂಜಿ ಆರಿಸುತ್ತಿದ್ದಾಗ. ಮೊಮ್ಮಗಳು ಬರುವವರೆಗೆ ಕಾದು, ಮರುದಿನ ಸಂಜೆಯೊಳಗೆ ಮಣ್ಣು ಮಾಡಿದೆವು.

ತಿಥಿಯೆಲ್ಲ ಮುಗಿಸಿ ಅವಳು ಶಾಲೆಗೆ ವಾಪಸ್ ಹೋದ ಎರಡನೆಯ ವಾರ ಸರದಿ ಮತ್ತೆ ಅವಳಿಗೆ ಬಂತು. ಪಕ್ಕದ ಸೀಟಿನಲ್ಲಿ ಶಾಲೆಯ ಮೆಕ್ಯಾನಿಕ್ ಕೂತನಂತೆ. ಅವನಿಗೆ ಆಚೆಯ ಶೆಡ್ಡಿನಿಂದ ಒಂದು ಬ್ಯಾಟರಿ ತರಬೇಕಿತ್ತು. ಹಿಂದಿನ ದಾರಿಯಲ್ಲಿ, ನಾಲ್ಕೂವರೆ ಸಾವಿರ ಅಡಿಯಲ್ಲಿ ಹೋದರು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.